ಹಾರ್ಡ್ ಡಿಸ್ಕ್ ಆಯ್ಕೆ: ಹೆಸರು ನಂಬಿದರೆ ಸಾಲದು, ಅಂಕಿ-ಅಂಶ ನೋಡಬೇಕು

2013ರ ಸೆಪ್ಟೆಂಬರ್ ತಿಂಗಳು. ಲಿನಕ್ಸ್ ಕರ್ನಲ್‌ನ 3.12ನೇ ಆವೃತ್ತಿಗಾಗಿ ಜಗತ್ತಿನ ನಾನಾ ಭಾಗಗಳಿಂದ ಬಂದ ಬದಲಾವಣೆಗಳನ್ನು ಅದರ ಜನಕ ಲಿನಸ್ ಟೊರ್ವಾಲ್ಡ್ಸ್ ಒಂದೊಂದಾಗಿ ಸೇರಿಸಿಕೊಳ್ಳುತ್ತಿದ್ದರು. ಕೆಲಸ ಭರದಿಂದ ಸಾಗಿದ್ದ ಹೊತ್ತಿನಲ್ಲೇ ಅವರ ಮುಖ್ಯ ಗಣಕಯಂತ್ರದ ಎಸ್‌ಎಸ್‌ಡಿ ಇದ್ದಕ್ಕಿದ್ದಂತೆ ಕೈಕೊಟ್ಟಿತು. ಆ ದಿನದ ಬಹುಪಾಲು ಕೆಲಸ ಅದಾಗಲೇ ಸಾರ್ವಜನಿಕ ಸರ್ವರ್ ತಲುಪಿದ್ದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ. ಆದರೆ ಕೋಟ್ಯಂತರ ಯಂತ್ರಗಳನ್ನು ನಡೆಸುವ ತಂತ್ರಾಂಶದ ಕೆಲಸಕ್ಕೆ ಅಂಗೈಯಗಲದ ಒಂದು ಬಿಡಿಭಾಗ ತಡೆಯೊಡ್ಡಿದ್ದು ಸುಳ್ಳಲ್ಲ.

ಟೊರ್ವಾಲ್ಡ್ಸ್ ಅವರಿಗೆ ಇದು ಹೊಸ ಅನುಭವವೂ ಆಗಿರಲಿಲ್ಲ. 1996ರಲ್ಲಿ ಅವರ ಹಾರ್ಡ್ ಡಿಸ್ಕ್ ಸಾವಿನ ಅಂಚಿಗೆ ಬಂದಿತ್ತು. ಟೇಪಿನಲ್ಲಿ ಬ್ಯಾಕಪ್ ಇಡುವುದು ಪುಕ್ಕಲರ ಕೆಲಸ, ತಾವಾದರೋ ಮುಖ್ಯವಾದುದನ್ನು ಅಂತರ್ಜಾಲಕ್ಕೆ ಏರಿಸಿ ಉಳಿದ ಪ್ರಪಂಚವೇ ಅದರ ಪ್ರತಿ ಇಟ್ಟುಕೊಳ್ಳಲು ಬಿಡುವವರು ಎಂಬ ಅರ್ಥದ ಚಟಾಕಿಯನ್ನು ಅವರು ಆಗ ಹಾರಿಸಿದ್ದರು. ಲಿನಕ್ಸ್‌ನಷ್ಟು ಪ್ರಸಿದ್ಧವಾದ ತಂತ್ರಾಂಶಕ್ಕೆ ಈ ಮಾತು ಒಪ್ಪುತ್ತದೆ. ಒಬ್ಬರೋ ಇಬ್ಬರೋ ಸಂಜೆಯ ಬಿಡುವಿನಲ್ಲಿ ಕಟ್ಟುತ್ತಿರುವ ನಿಘಂಟು, ಫಾಂಟ್ ಅಥವಾ ಸಣ್ಣ ಗ್ರಂಥಾಲಯ ತಂತ್ರಾಂಶದ ಪ್ರತಿ ಇಟ್ಟುಕೊಳ್ಳಲು ಪ್ರಪಂಚ ಕಾದು ಕುಳಿತಿರುವುದಿಲ್ಲ. ಅಂಥವರ ಪಾಲಿಗೆ ಸರಿಯಾದ ಹಾರ್ಡ್ ಡಿಸ್ಕ್ ಆರಿಸಿಕೊಳ್ಳುವುದು ಚರ್ಚೆಯ ವಿಷಯವಲ್ಲ, ತಿಂಗಳುಗಟ್ಟಲೆಯ ಶ್ರಮ ಉಳಿಯುವುದೋ ಅಳಿಯುವುದೋ ಎಂಬ ಪ್ರಶ್ನೆ.

ಡಿಸ್ಕ್ ಸತ್ತರೆ ಹೋಗುವುದೇನು?

ಮುಕ್ತ ತಂತ್ರಾಂಶ ರಚಿಸುವವರು ಇಂದು ಹೆಚ್ಚಾಗಿ ಬಳಸುವುದು 2005ರಲ್ಲಿ ಟೊರ್ವಾಲ್ಡ್ಸ್ ಅವರೇ ಆರಂಭಿಸಿದ ಗಿಟ್ ವ್ಯವಸ್ಥೆಯನ್ನು. ಇದರಲ್ಲಿ ಪ್ರತಿಯೊಬ್ಬ ಪಾಲುದಾರನ ಯಂತ್ರದಲ್ಲೂ ಸಾಮಾನ್ಯವಾಗಿ ಯೋಜನೆಯ ಪೂರ್ಣ ಇತಿಹಾಸ ಇರುತ್ತದೆ. ಹಾಗಾಗಿ ಸರ್ವರ್‌ಗೆ ಕಳುಹಿಸಿದ ಕೆಲಸ ಸುಲಭವಾಗಿ ಕಳೆದುಹೋಗದು.

ಕಳೆದುಹೋಗುವುದು ಕಳುಹಿಸದೇ ಉಳಿದದ್ದು. ಇನ್ನೂ ಪಕ್ವವಾಗಿಲ್ಲವೆಂದು ತಮ್ಮಲ್ಲೇ ಇರಿಸಿಕೊಂಡ ಶಾಖೆಗಳು, ಪರೀಕ್ಷೆಗಾಗಿ ಸಿದ್ಧಪಡಿಸಿದ ವರ್ಚುವಲ್ ಯಂತ್ರಗಳು, ವರ್ಷಗಳಿಂದ ತಿದ್ದಿ ತೀಡಿದ ವಿನ್ಯಾಸ ಕಡತಗಳು ಹಾಗೂ ಎಲ್ಲಕ್ಕಿಂತ ಮುಖ್ಯವಾಗಿ ತಂತ್ರಾಂಶದ ಹೊಸ ಆವೃತ್ತಿಗೆ ಸಹಿ ಹಾಕುವ ಗುಪ್ತ ಕೀಲಿ. ಈ ಕೀಲಿ ನಷ್ಟವಾದರೆ ತಾನು ತಾನೇ ಎಂದು ಬಳಕೆದಾರರಿಗೆ ಮತ್ತೆ ಮನವರಿಕೆ ಮಾಡಿಕೊಡಬೇಕಾದ ಪ್ರಸಂಗ ಬರುತ್ತದೆ. ಡಿಸ್ಕಿನ ಬೆಲೆಯನ್ನು ಅಂಗಡಿಯ ಬಿಲ್ಲಿನಿಂದಲ್ಲ, ಈ ಪಟ್ಟಿಯಿಂದ ಅಳೆಯಬೇಕು.

ಒಳ್ಳೆಯ ಕಂಪನಿ ಯಾವುದು?

ಗಣಕಯಂತ್ರ ಕೊಳ್ಳಲು ಹೊರಟವರು ಕೇಳುವ ಮೊದಲ ಪ್ರಶ್ನೆಯೇ ಇದು. ಉತ್ತರವೂ ಥಟ್ಟನೆ ಬರುತ್ತದೆ. ಒಬ್ಬರು ಒಂದು ಕಂಪನಿಯನ್ನು ಹೊಗಳಿದರೆ ಇನ್ನೊಬ್ಬರು ಅದೇ ಕಂಪನಿಗೆ ಶಾಪ ಹಾಕುತ್ತಾರೆ. ಇಬ್ಬರೂ ತಮ್ಮ ಅನುಭವವನ್ನೇ ಹೇಳುತ್ತಿರುತ್ತಾರೆ. ಆದರೆ ಎರಡು ಮೂರು ಡಿಸ್ಕುಗಳ ಅನುಭವದಿಂದ ಯಾವ ತೀರ್ಮಾನಕ್ಕೂ ಬರಲಾಗದು.

ಹಾರ್ಡ್ ಡಿಸ್ಕ್ ತಯಾರಿಕೆಯಲ್ಲಿ ಈಗ ಉಳಿದಿರುವುದು ಮೂರೇ ಕಂಪನಿಗಳು: ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ತೋಷಿಬಾ. ಮೂರೂ ಒಳ್ಳೆಯ ಮಾದರಿಗಳನ್ನು ತಯಾರಿಸಿವೆ, ಮೂರರಲ್ಲೂ ಸೋತ ಮಾದರಿಗಳು ಇದ್ದೇ ಇವೆ. ಹೆಸರನ್ನು ಮಾತ್ರ ನಂಬುವುದು ಏಕೆ ಸಲ್ಲದು ಎಂಬುದಕ್ಕೆ ಡೆಸ್ಕ್‌ಸ್ಟಾರ್ ಕಥೆಯೇ ಸಾಕ್ಷಿ.

2000ನೇ ಇಸವಿಯಲ್ಲಿ ಐಬಿಎಂ ಮಾರುಕಟ್ಟೆಗೆ ತಂದ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ ಮಾದರಿ ಎಷ್ಟು ಕುಖ್ಯಾತವಾಯಿತೆಂದರೆ ಬಳಕೆದಾರರು ಅದನ್ನು ಡೆತ್‌ಸ್ಟಾರ್ ಎಂದು ಮೂದಲಿಸಿದರು. 2001ರಲ್ಲಿ ಅಮೆರಿಕದಲ್ಲಿ ಕಂಪನಿಯ ವಿರುದ್ಧ ಸಾಮೂಹಿಕ ದಾವೆಯೂ ದಾಖಲಾಯಿತು. 2002ರಲ್ಲಿ ಐಬಿಎಂ ತನ್ನ ಡಿಸ್ಕ್ ವಹಿವಾಟನ್ನು ಜಪಾನಿನ ಹಿಟಾಚಿಗೆ ಮಾರಲು ಒಪ್ಪಿತು. ಸುಮಾರು ಒಂದು ದಶಕದ ನಂತರ ಅದೇ ಡೆಸ್ಕ್‌ಸ್ಟಾರ್ ಹೆಸರಿನಲ್ಲಿ ಬಂದ ಹಿಟಾಚಿ ಡಿಸ್ಕುಗಳು, ಅಮೆರಿಕದ ಬ್ಯಾಕ್‌ಬ್ಲೇಜ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಅತ್ಯಂತ ಕಡಿಮೆ ಕೆಟ್ಟವುಗಳ ಸಾಲಿನಲ್ಲಿದ್ದವು. ಹೆಸರು ಅದೇ, ಗುಣ ಮಾತ್ರ ತದ್ವಿರುದ್ಧ. ವಿಶ್ವಾಸಾರ್ಹತೆ ಸೇರಿರುವುದು ಕಂಪನಿಗಲ್ಲ, ನಿರ್ದಿಷ್ಟ ಮಾದರಿಗೆ ಎಂಬುದು ಇದರಿಂದ ಸ್ಪಷ್ಟ.

ಹತ್ತು ಲಕ್ಷ ಗಂಟೆಯ ಮರ್ಮ

ಡಿಸ್ಕಿನ ವಿವರ ಪತ್ರದಲ್ಲಿ ಎಂಟಿಬಿಎಫ್ 10 ಲಕ್ಷ ಗಂಟೆ ಎಂದು ನಮೂದಾಗಿರುವುದನ್ನು ಕಾಣಬಹುದು. ಎರಡು ವೈಫಲ್ಯಗಳ ನಡುವಿನ ಸರಾಸರಿ ಅವಧಿ ಎಂಬುದು ಅದರ ಅರ್ಥ. 10 ಲಕ್ಷ ಗಂಟೆ ಎಂದರೆ 114 ವರ್ಷ. ಹಾಗೆಂದು ಯಾವ ಡಿಸ್ಕೂ ಶತಾಯುಷಿಯಲ್ಲ. ಒಂದು ಸಾವಿರ ಡಿಸ್ಕುಗಳನ್ನು ಒಂದು ವರ್ಷ ಸತತವಾಗಿ ಓಡಿಸಿದರೆ ಒಂಬತ್ತರಷ್ಟು ಕೆಡಬಹುದು ಎಂಬುದಷ್ಟೇ ಅದರ ತಾತ್ಪರ್ಯ. ಅಂದರೆ ವರ್ಷಕ್ಕೆ ಶೇ 0.88.

ವಾಸ್ತವ ಇದಕ್ಕಿಂತ ಕಠೋರವಾಗಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಅವರು ಸುಮಾರು 1 ಲಕ್ಷ ಡಿಸ್ಕುಗಳ ದಾಖಲೆಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಬಂಧ ಮಂಡಿಸಿದರು. ವರ್ಷಕ್ಕೆ ಶೇ 2ರಿಂದ 4ರಷ್ಟು ಡಿಸ್ಕುಗಳನ್ನು ಬದಲಿಸಬೇಕಾಗಿ ಬರುವುದು ಸಾಮಾನ್ಯವೆಂದೂ ಕೆಲವೆಡೆ ಈ ಪ್ರಮಾಣ ಶೇ 13ರವರೆಗೆ ಏರಿತ್ತೆಂದೂ ಅವರು ಕಂಡುಕೊಂಡರು. ದುಬಾರಿ ಸರ್ವರ್ ಡಿಸ್ಕುಗಳು ಅಗ್ಗದ ಡಿಸ್ಕುಗಳಿಗಿಂತ ಗಮನಾರ್ಹವಾಗಿ ಮೇಲಾಗಿಯೇನೂ ಕಂಡುಬರಲಿಲ್ಲ.

ಬ್ಯಾಕ್‌ಬ್ಲೇಜ್ ಸಂಸ್ಥೆ 2013ರಿಂದ ತನ್ನ ದತ್ತಾಂಶ ಕೇಂದ್ರಗಳ ಡಿಸ್ಕುಗಳ ಪ್ರತಿದಿನದ ಸ್ಥಿತಿಗತಿಯನ್ನು ಸಂಗ್ರಹಿಸಿ ಸಾರ್ವಜನಿಕರಿಗೆ ಒದಗಿಸಿದೆ. ಸುಮಾರು 3 ಲಕ್ಷ ಡಿಸ್ಕುಗಳನ್ನು ಒಳಗೊಂಡ 2024ರ ಲೆಕ್ಕದಲ್ಲಿ ವಾರ್ಷಿಕ ವೈಫಲ್ಯ ಶೇ 1.57. ಮಾದರಿವಾರು ಅಂಕಿಗಳೂ ಅಲ್ಲಿರುವುದರಿಂದ ದೊಡ್ಡ ಗಾತ್ರದ ಡಿಸ್ಕ್ ಕೊಳ್ಳುವವರಿಗೆ ಇದಕ್ಕಿಂತ ಉತ್ತಮ ಕೈಪಿಡಿ ಸಿಗುವುದು ಕಷ್ಟ. ಆದರೆ ಒಂದು ಎಚ್ಚರಿಕೆ: ಹವಾನಿಯಂತ್ರಿತ ಕೇಂದ್ರದಲ್ಲಿ ಹಗಲಿರುಳು ಓಡುವ ಡಿಸ್ಕಿಗೂ ಮನೆಯ ಮೇಜಿನ ಕೆಳಗೆ ವಿದ್ಯುತ್ ಏರಿಳಿತ ಸಹಿಸುತ್ತ ಕೂರುವ ಡಿಸ್ಕಿಗೂ ವ್ಯತ್ಯಾಸವಿದೆ. ಈ ಅಂಕಿಗಳಿಂದ ಒಂದು ಮಾದರಿಯನ್ನು ಇನ್ನೊಂದರೊಡನೆ ಹೋಲಿಸಬಹುದೇ ಹೊರತು ತಮ್ಮ ಡಿಸ್ಕಿನ ಭವಿಷ್ಯ ಹೇಳಲಾಗದು.

ಎಸ್‌ಎಸ್‌ಡಿಯೋ ಹಾರ್ಡ್ ಡಿಸ್ಕೋ?

ಪ್ರೋಗ್ರಾಮರ್ ಕೆಲಸ ಮಾಡುವ ಡಿಸ್ಕ್ ಎಸ್‌ಎಸ್‌ಡಿಯೇ ಆಗಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ದೊಡ್ಡ ತಂತ್ರಾಂಶವೊಂದನ್ನು ಕಂಪೈಲ್ ಮಾಡುವಾಗ ಸಾವಿರಾರು ಸಣ್ಣ ಕಡತಗಳನ್ನು ತೆರೆದು ಮುಚ್ಚಬೇಕು. ತಿರುಗುವ ತಟ್ಟೆಯ ಮೇಲೆ ಮುಳ್ಳು ಅತ್ತಿಂದಿತ್ತ ಓಡಾಡುವ ಹಾರ್ಡ್ ಡಿಸ್ಕ್ ಇಲ್ಲಿ ಏದುಸಿರು ಬಿಡುತ್ತದೆ. ಬ್ಯಾಕಪ್ ಮತ್ತು ಹಳೆಯ ಕಡತಗಳ ಸಂಗ್ರಹಕ್ಕೆ ಮಾತ್ರ ಹಾರ್ಡ್ ಡಿಸ್ಕ್ ಇಂದಿಗೂ ಅಗ್ಗದ ಆಸರೆ.

ಹೆಚ್ಚು ಬರೆದರೆ ಎಸ್‌ಎಸ್‌ಡಿ ಸವೆದುಹೋಗುತ್ತದೆ ಎಂಬ ಭಯ ಹಲವರಲ್ಲಿದೆ. ಲೆಕ್ಕ ಹಾಕಿ ನೋಡಿದರೆ ಈ ಭಯ ಕರಗುತ್ತದೆ. 1 ಟೆರಾಬೈಟಿನ ಒಳ್ಳೆಯ ಎಸ್‌ಎಸ್‌ಡಿಗೆ ಸಾಮಾನ್ಯವಾಗಿ 5 ವರ್ಷ ಅಥವಾ 600 ಟೆರಾಬೈಟ್ ಬರವಣಿಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಇರುತ್ತದೆ. ದಿನಕ್ಕೆ 100 ಗಿಗಾಬೈಟ್ ಬರೆದರೂ 600 ಟೆರಾಬೈಟ್ ಮುಗಿಯಲು 16 ವರ್ಷ ಬೇಕು.

ನಿಜವಾದ ಅಪಾಯ ಬೇರೆಯೇ ಇದೆ. ಗೂಗಲ್ ದತ್ತಾಂಶ ಕೇಂದ್ರಗಳ ಫ್ಲ್ಯಾಶ್ ಡ್ರೈವ್‌ಗಳನ್ನು ಕುರಿತು 2016ರಲ್ಲಿ ಪ್ರಕಟವಾದ, ಅದೇ ಶ್ರೋಡರ್ ಅವರ ಸಹಭಾಗಿತ್ವದ ಅಧ್ಯಯನದ ಪ್ರಕಾರ ಎಸ್‌ಎಸ್‌ಡಿಗಳನ್ನು ಬದಲಿಸಬೇಕಾಗುವ ಸಂದರ್ಭ ಹಾರ್ಡ್ ಡಿಸ್ಕಿಗಿಂತ ಕಡಿಮೆ. ಆದರೆ ಸರಿಪಡಿಸಲಾಗದ ದೋಷದಿಂದ ಅಲ್ಲೊಂದು ಇಲ್ಲೊಂದು ಕಡತ ಕೆಡುವ ಸಂದರ್ಭ ಹೆಚ್ಚು. ಸವೆತಕ್ಕಿಂತ ವಯಸ್ಸೇ ದೋಷಗಳೊಂದಿಗೆ ಹೆಚ್ಚು ತಳುಕು ಹಾಕಿಕೊಂಡಿತ್ತು. ಜೊತೆಗೆ, ಹಾರ್ಡ್ ಡಿಸ್ಕ್ ಸಾಯುವ ಮುನ್ನ ಕೆಲವೊಮ್ಮೆ ಕಟಕಟ ಸದ್ದಾದರೂ ಮಾಡುತ್ತದೆ. ಎಸ್‌ಎಸ್‌ಡಿ ಹೇಳದೆ ಕೇಳದೆ ಹೊರಟುಹೋಗುತ್ತದೆ.

ಎಸ್‌ಎಸ್‌ಡಿ ಕೊಳ್ಳುವಾಗ ಮೂರು ಸಂಗತಿಗಳನ್ನು ಗಮನಿಸಬೇಕು. ಒಂದು, ಪ್ರತಿ ಕೋಶದಲ್ಲಿ ಮೂರು ಬಿಟ್ ಹಿಡಿಯುವ ಟಿಎಲ್‌ಸಿ ಬಗೆಯು ನಾಲ್ಕು ಬಿಟ್ ತುರುಕುವ ಕ್ಯೂಎಲ್‌ಸಿಗಿಂತ ಬಾಳಿಕೆಯಲ್ಲಿ ಮೇಲು. ಎರಡು, ಡಿರ್ಯಾಮ್ ಇರುವ ಡ್ರೈವ್ ಭಾರಿ ಕೆಲಸದಲ್ಲೂ ವೇಗ ಕಾಯ್ದುಕೊಳ್ಳುತ್ತದೆ. ಮೂರು, ಡೇಟಾಬೇಸ್ ಕೆಲಸ ಮಾಡುವವರು ವಿದ್ಯುತ್ ಹೋದಾಗ ಅರ್ಧಂಬರ್ಧ ಬರೆದುದನ್ನು ಪೂರೈಸುವಷ್ಟು ಶಕ್ತಿ ಹಿಡಿದಿಡುವ ಕೆಪ್ಯಾಸಿಟರ್ ಇರುವ ಸರ್ವರ್ ದರ್ಜೆಯ ಡ್ರೈವ್ ಆರಿಸುವುದು ಲೇಸು. ಅದು ಕೈಗೆಟುಕದಿದ್ದರೆ ಯುಪಿಎಸ್ ಆದರೂ ಇರಲಿ.

ಹೆಂಚಿನಂತೆ ಹೊದಿಸಿದ ಮಾಹಿತಿ

ಬ್ಯಾಕಪ್‌ಗೆಂದು ಹಾರ್ಡ್ ಡಿಸ್ಕ್ ಕೊಳ್ಳುವವರು ತಿಳಿದಿರಬೇಕಾದ ಎರಡು ಸಂಕ್ಷಿಪ್ತ ಪದಗಳಿವೆ: ಸಿಎಂಆರ್ ಮತ್ತು ಎಸ್‌ಎಂಆರ್. ಸಿಎಂಆರ್ ಡಿಸ್ಕಿನಲ್ಲಿ ಮಾಹಿತಿಯ ಪಥಗಳು ಹೊಲದ ಸಾಲುಗಳಂತೆ ಬೇರೆ ಬೇರೆ ಇರುತ್ತವೆ. ಎಸ್‌ಎಂಆರ್ ಡಿಸ್ಕಿನಲ್ಲಿ ಹೆಚ್ಚು ಮಾಹಿತಿ ತುಂಬುವ ಸಲುವಾಗಿ ಮಂಗಳೂರು ಹೆಂಚು ಹೊದಿಸಿದಂತೆ ಒಂದು ಪಥದ ಅಂಚನ್ನು ಇನ್ನೊಂದರ ಮೇಲೆ ಹಾಸಿರುತ್ತಾರೆ. ನಡುವಿನ ಒಂದು ಹೆಂಚು ಬದಲಿಸಲು ಅಕ್ಕಪಕ್ಕದವನ್ನೂ ಎತ್ತಬೇಕಾದಂತೆ, ಇಲ್ಲಿ ಒಂದು ಪಥವನ್ನು ತಿದ್ದಲು ಹಲವು ಪಥಗಳನ್ನು ಮತ್ತೆ ಬರೆಯಬೇಕು. ಆದ್ದರಿಂದಲೇ ಅದು ನಿಧಾನ.

2020ರ ಏಪ್ರಿಲ್‌ನಲ್ಲಿ ಇದು ದೊಡ್ಡ ವಿವಾದವಾಯಿತು. ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸರಣಿಯ 2ರಿಂದ 6 ಟೆರಾಬೈಟ್ ಗಾತ್ರದ ಹಲವು ಡಿಸ್ಕುಗಳಲ್ಲಿ ಈ ತಂತ್ರವನ್ನು ಬಳಸಿದ್ದು, ಅದನ್ನು ವಿವರ ಪತ್ರದಲ್ಲಿ ತಿಳಿಸಿರಲಿಲ್ಲ ಎಂಬುದು ಬಯಲಾಯಿತು. ಝಡ್‌ಎಫ್‌ಎಸ್ ಎಂಬ ಮುಕ್ತ ಕಡತ ವ್ಯವಸ್ಥೆ ಬಳಸುವವರು ಕೆಟ್ಟ ಡಿಸ್ಕಿನ ಜಾಗಕ್ಕೆ ಹೊಸದನ್ನು ಸೇರಿಸಿದಾಗ ಮರುಜೋಡಣೆ ವಿಪರೀತ ನಿಧಾನವಾಗುತ್ತಿತ್ತು, ಇಲ್ಲವೇ ವಿಫಲವಾಗುತ್ತಿತ್ತು. ಟೀಕೆಗಳ ನಂತರ ಕಂಪನಿ ಮಾದರಿಗಳ ಪಟ್ಟಿ ಪ್ರಕಟಿಸಿತು. ಸಿಎಂಆರ್ ಡಿಸ್ಕುಗಳಿಗೆ ರೆಡ್ ಪ್ಲಸ್ ಎಂಬ ಪ್ರತ್ಯೇಕ ಹೆಸರು ಬಂತು.

ಒಂದೇ ಡಿಸ್ಕಿಗೆ ಆಗಾಗ ಪ್ರತಿ ಮಾಡಿ ಎತ್ತಿಡುವವರಿಗೆ ಎಸ್‌ಎಂಆರ್ ಸಾಕು. ಎರಡು ಮೂರು ಡಿಸ್ಕುಗಳನ್ನು ರೇಡ್ ವ್ಯವಸ್ಥೆಯಲ್ಲಿ ಜೋಡಿಸುವವರು ಸಿಎಂಆರ್ ಎಂದು ಖಚಿತಪಡಿಸಿಕೊಂಡೇ ಹಣ ಕೊಡಬೇಕು.

ಅಂಗಡಿಯಲ್ಲಿ ಎಚ್ಚರ

ಒಳ್ಳೆಯ ಮಾದರಿ ಆರಿಸಿದ ಮಾತ್ರಕ್ಕೆ ಹೊಸ ಡಿಸ್ಕೇ ಕೈಸೇರುತ್ತದೆ ಎನ್ನುವಂತಿಲ್ಲ. ಬಳಸಿದ ಸೀಗೇಟ್ ಡಿಸ್ಕುಗಳನ್ನು ಹೊಸದೆಂದು ಮಾರಲಾಗುತ್ತಿರುವ ಸಂಗತಿಯನ್ನು 2025ರ ಆರಂಭದಲ್ಲಿ ಜರ್ಮನಿಯ ಹೈಸೆ ಮಾಧ್ಯಮ ಸಂಸ್ಥೆ ಹೊರಗೆಡಹಿತು. ಸಾವಿರಾರು ಗಂಟೆ ಓಡಿದ ಡಿಸ್ಕುಗಳ ಸ್ಮಾರ್ಟ್ ದಾಖಲೆಯನ್ನು ಸೊನ್ನೆಗೆ ತಿರುಗಿಸಲಾಗಿತ್ತು. ಸೀಗೇಟ್ ಡಿಸ್ಕಿನೊಳಗೆ ಪ್ರತ್ಯೇಕವಾಗಿ ಉಳಿಯುವ ಫಾರ್ಮ್ ಎಂಬ ದಾಖಲೆ ಮಾತ್ರ ನಿಜವಾದ ಗಂಟೆಗಳನ್ನು ಬಾಯಿಬಿಟ್ಟಿತು. ಇದನ್ನು ಓದುವ ಸೌಲಭ್ಯ ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಮುಕ್ತ ತಂತ್ರಾಂಶದ 7.4ನೇ ಆವೃತ್ತಿಯಿಂದ ದೊರೆತಿದೆ. ಎರಡು ದಾಖಲೆಗಳ ಗಂಟೆಗಳು ತಾಳೆಯಾಗದಿದ್ದರೆ ಡಿಸ್ಕನ್ನು ಮರಳಿಸುವುದೇ ಸರಿ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳಲಿ, ಅಂತರ್ಜಾಲದ ಮಳಿಗೆಯಲ್ಲಿ ತರಿಸಲಿ, ಕೆಲವು ನಿಯಮಗಳು ಒಂದೇ. ಡಿಸ್ಕಿನ ಕ್ರಮಸಂಖ್ಯೆ ನಮೂದಾದ ಬಿಲ್ ಪಡೆಯಬೇಕು. ಆ ಸಂಖ್ಯೆಯನ್ನು ತಯಾರಕರ ತಾಣದಲ್ಲಿ ನಮೂದಿಸಿ ವಾರಂಟಿ ಎಂದಿನವರೆಗಿದೆ, ಭಾರತದಲ್ಲಿ ಅನ್ವಯಿಸುತ್ತದೆಯೇ ಎಂದು ನೋಡಬೇಕು. ವಾರಂಟಿಯು ತಯಾರಕರದೋ ಮಾರಾಟಗಾರರದೋ ಎಂದು ಕೇಳಬೇಕು. ವಿದೇಶದಿಂದ ಬರುವ ಬಂಧುಗಳ ಕೈಲಿ ಡಿಸ್ಕ್ ತರಿಸುವವರಿಗಂತೂ ಈ ವಿಚಾರಣೆ ಕಡ್ಡಾಯ.

ಮನೆಗೆ ತಂದ ಮೇಲೆ

ಹೊಸ ಡಿಸ್ಕಿಗೆ ಮೊದಲ ದಿನವೇ ಮುಖ್ಯ ಕಡತಗಳನ್ನು ಒಪ್ಪಿಸಬಾರದು. ಸ್ಮಾರ್ಟ್‌ಮಾನ್‌ಟೂಲ್ಸ್ ಮೂಲಕ ಡಿಸ್ಕಿನ ದೀರ್ಘ ಸ್ವಯಂಪರೀಕ್ಷೆ ನಡೆಸಿ, ಪೂರ್ತಿ ಬರೆದು ಓದಿಸಿ ನೋಡಬೇಕು. ನಂತರವೂ ಮರುಹಂಚಿಕೆಯಾದ ಮತ್ತು ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಎಣಿಕೆಯ ಮೇಲೆ ಕಣ್ಣಿಡಬೇಕು. ಈ ಸಂಖ್ಯೆಗಳು ಸೊನ್ನೆಯಿಂದ ಮೇಲೇರತೊಡಗಿದರೆ ಹೊಸ ಡಿಸ್ಕಿಗೆ ಹಣ ಹೊಂದಿಸುವ ಕಾಲ ಬಂತೆಂದೇ ಅರ್ಥ.

ಆದರೆ ಎಣಿಕೆ ಸೊನ್ನೆಯಾಗಿದ್ದರೆ ನಿಶ್ಚಿಂತೆ ಎಂದೇನೂ ಅಲ್ಲ. ಗೂಗಲ್‌ನ ತಂತ್ರಜ್ಞರು 1 ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕೆಟ್ಟ ಡಿಸ್ಕುಗಳ ಪೈಕಿ ಶೇ 56ಕ್ಕೂ ಹೆಚ್ಚಿನವು ಪ್ರಮುಖ ನಾಲ್ಕು ಸೂಚಕಗಳಲ್ಲಿ ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ.

ಡಿಸ್ಕನ್ನು ಮೊದಲ ದಿನದಿಂದಲೇ ಗೂಢಲಿಪೀಕರಣಗೊಳಿಸುವುದು ಇನ್ನೊಂದು ಜಾಣತನ. ಲಿನಕ್ಸ್‌ನಲ್ಲಿ ಇದಕ್ಕೆ ಲಕ್ಸ್ ಎಂಬ ವ್ಯವಸ್ಥೆ ಸಿದ್ಧವಿದೆ. ಸತ್ತ ಡಿಸ್ಕಿನಿಂದ ಮಾಹಿತಿ ಅಳಿಸಲಾಗದು. ವಾರಂಟಿಗೆಂದು ಅದನ್ನು ಕಂಪನಿಗೆ ಒಪ್ಪಿಸಿದರೆ ಗುಪ್ತ ಕೀಲಿಗಳೂ ಅದರೊಂದಿಗೆ ಹೋಗುತ್ತವೆ. ಗೂಢಲಿಪೀಕರಣ ಮಾಡಿದ್ದರೆ ನಿರಾತಂಕವಾಗಿ ಕೊಟ್ಟು ಹೊಸದನ್ನು ಪಡೆಯಬಹುದು.

ಝಡ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್‌ನಂತಹ ಕಡತ ವ್ಯವಸ್ಥೆಗಳು ಪ್ರತಿ ಮಾಹಿತಿ ಖಂಡಕ್ಕೂ ತಾಳೆ ಸಂಖ್ಯೆ ಇಡುತ್ತವೆ. ಸದ್ದಿಲ್ಲದೆ ಕೆಟ್ಟ ಕಡತವನ್ನು ಓದುವಾಗಲೇ ಗುರುತಿಸುತ್ತವೆ. ಎರಡನೇ ಪ್ರತಿ ಇದ್ದರೆ ಸರಿಪಡಿಸುತ್ತವೆ. ಫೆಡೋರಾ ವರ್ಕ್‌ಸ್ಟೇಷನ್ 2020ರ 33ನೇ ಆವೃತ್ತಿಯಿಂದ ಬಿಟಿಆರ್‌ಎಫ್‌ಎಸ್ ಅನ್ನೇ ರೂಢಿಯ ಆಯ್ಕೆಯಾಗಿಸಿದೆ.

ಅವಳಿ ಡಿಸ್ಕ್ ಬ್ಯಾಕಪ್ ಅಲ್ಲ

ಒಂದೇ ಮಾಹಿತಿಯನ್ನು ಏಕಕಾಲಕ್ಕೆ ಬರೆದುಕೊಳ್ಳುವ ಎರಡು ಡಿಸ್ಕುಗಳಿದ್ದರೆ ಸಾಕೆಂದು ನಂಬುವವರಿದ್ದಾರೆ. ಎಚ್‌ಪಿಇ ಕಂಪನಿ 2019ರ ನವೆಂಬರ್‌ನಲ್ಲಿ ನೀಡಿದ ಎಚ್ಚರಿಕೆ ಅವರ ಕಣ್ಣು ತೆರೆಸಬೇಕು. ಅದರ ಕೆಲವು ಸರ್ವರ್ ಎಸ್‌ಎಸ್‌ಡಿಗಳು ಫರ್ಮ್‌ವೇರ್ ದೋಷದಿಂದಾಗಿ ಸರಿಯಾಗಿ 32,768 ಗಂಟೆ ಓಡಿದ ಕೂಡಲೇ ನಿಲ್ಲಲಿದ್ದವು, ಮಾಹಿತಿಯೂ ಮರಳಿ ಸಿಗುತ್ತಿರಲಿಲ್ಲ. ಎರಡರ ಹದಿನೈದನೇ ಘಾತವಾದ ಈ ಸಂಖ್ಯೆ ಪ್ರೋಗ್ರಾಮರ್‌ಗಳಿಗೆ ಚಿರಪರಿಚಿತ. ಒಂದೇ ದಿನ ಅಳವಡಿಸಿದ ಅವಳಿ ಡ್ರೈವ್‌ಗಳಿದ್ದರೆ ಎರಡೂ ಒಂದೇ ಗಳಿಗೆಯಲ್ಲಿ ಕಣ್ಣು ಮುಚ್ಚುತ್ತಿದ್ದವು. ಆದ್ದರಿಂದ ಎರಡು ಡಿಸ್ಕ್ ಕೊಳ್ಳುವುದಾದರೆ ಬೇರೆ ಬೇರೆ ಮಾದರಿಯವು ಇರಲಿ, ಫರ್ಮ್‌ವೇರ್ ಪರಿಷ್ಕರಣೆಗಳನ್ನು ಅಲಕ್ಷಿಸದಿರಲಿ.

ಮುಕ್ತ ತಂತ್ರಾಂಶ ಲೋಕವೇ ಇಂಥ ಪಾಠ ಕಲಿತಿದೆ. 2013ರ ಮಾರ್ಚ್ 22ರಂದು ಕೆಡಿಇ ಯೋಜನೆಯ ಮುಖ್ಯ ಗಿಟ್ ಸರ್ವರ್‌ನ ಕಡತ ವ್ಯವಸ್ಥೆ ಕೆಟ್ಟಿತು. ಅದನ್ನೇ ಅನುಕರಿಸುತ್ತಿದ್ದ ಪ್ರತಿ ಸರ್ವರ್‌ಗಳು ಕೆಟ್ಟದ್ದನ್ನೂ ನಿಷ್ಠೆಯಿಂದ ಅನುಕರಿಸಿದವು. ಸುಮಾರು 1,500 ಸಂಗ್ರಹಗಳು ಕೈತಪ್ಪುವುದರಲ್ಲಿದ್ದವು. ಅದೃಷ್ಟವಶಾತ್ ಮತ್ತೊಂದು ಸರ್ವರ್‌ನಲ್ಲಿ ಕೆಡದ ಪ್ರತಿ ಉಳಿದಿತ್ತು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಮುಖ್ಯ ಡೇಟಾಬೇಸ್ ಕಣ್ತಪ್ಪಿನಿಂದ ಅಳಿಸಿಹೋದಾಗ, ನಂಬಿಕೊಂಡಿದ್ದ ಐದು ಬಗೆಯ ಬ್ಯಾಕಪ್‌ಗಳಲ್ಲಿ ಯಾವುದೂ ಸರಿಯಾಗಿ ಒದಗಿಬರಲಿಲ್ಲ. ಆರು ಗಂಟೆ ಹಿಂದೆ ಬೇರೊಂದು ಕಾರಣಕ್ಕೆ ತೆಗೆದಿಟ್ಟಿದ್ದ ಪ್ರತಿಯೇ ಕೊನೆಗೆ ಕಾಪಾಡಿತು.

ಮಾಹಿತಿಗೆ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದಾಚೆ ಎಂಬ 3-2-1 ಸೂತ್ರ ಹಳೆಯದಾದರೂ ಇಂದಿಗೂ ಸಲ್ಲುತ್ತದೆ. ರೆಸ್ಟಿಕ್, ಬೋರ್ಗ್ ಮುಂತಾದ ಮುಕ್ತ ತಂತ್ರಾಂಶಗಳು ಈ ಕೆಲಸವನ್ನು ತಾವಾಗಿಯೇ ಮಾಡಿ ಮುಗಿಸುವಂತೆ ಹೊಂದಿಸಬಹುದು. ವರ್ಷಗಟ್ಟಲೆ ಬೀರುವಿನಲ್ಲಿಡುವ ಪ್ರತಿಗೆ ಎಸ್‌ಎಸ್‌ಡಿ ಬೇಡ. ಸವೆದ ಎಸ್‌ಎಸ್‌ಡಿ ವಿದ್ಯುತ್ ಇಲ್ಲದೆ 30 ಡಿಗ್ರಿ ಉಷ್ಣಾಂಶದಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಟ್ಟರೆ ಸಾಕೆಂಬುದೇ ಸಾಮಾನ್ಯ ಬಳಕೆಯ ಡ್ರೈವ್‌ಗಳಿಗೆ ಜೆಡೆಕ್ ಎಂಬ ಮಾನಕ ಸಂಸ್ಥೆ ವಿಧಿಸಿರುವ ಅಳತೆ. ಆರು ತಿಂಗಳಿಗೊಮ್ಮೆಯಾದರೂ ಬ್ಯಾಕಪ್‌ನಿಂದ ಕಡತಗಳನ್ನು ಹೊರತೆಗೆದು ತೆರೆದು ನೋಡಬೇಕು. ಪರೀಕ್ಷಿಸದ ಬ್ಯಾಕಪ್ ಇದ್ದೂ ಇಲ್ಲದಂತೆ.

ಒಟ್ಟಿನಲ್ಲಿ, ಕೆಡದ ಡಿಸ್ಕ್ ಎಂಬುದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸಿಗುವುದು ಕೆಡುವ ಸಾಧ್ಯತೆ ಕಡಿಮೆ ಇರುವ ಡಿಸ್ಕ್ ಮಾತ್ರ. ಉಳಿದ ಭರವಸೆಯನ್ನು ಬಳಕೆದಾರನೇ ಕಟ್ಟಿಕೊಳ್ಳಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಮುಚ್ಚಿದರೆ ಫಲವಿಲ್ಲ. ದುಬಾರಿ ಡಿಸ್ಕ್ ಒಂದನ್ನು ಕೊಳ್ಳುವಷ್ಟು ಹಣ ಕೈಯಲ್ಲಿದ್ದರೆ ಮಧ್ಯಮ ದರ್ಜೆಯ ಎರಡನ್ನು ಕೊಂಡು ಒಂದನ್ನು ಬೇರೆ ಮನೆಯಲ್ಲಿಡುವುದೇ ಹೆಚ್ಚು ಕ್ಷೇಮಕರ.